ಯಲ್ಲಮ್ಮನ ಹೆಸರಿನ ಕೆಳಗೆ

ಹುಣಸೆದೊಡ್ಡಿಯಲ್ಲಿ ಯಾರ ಮನೆಯಲ್ಲಿ ಮದುವೆಯ ಮಾತು ಎದ್ದರೂ ಹಿರಿಯರು ಮೊದಲು ಬಂದು ಕೂರುತ್ತಿದ್ದದ್ದು ಚಿಕ್ಕಲಕ್ಷ್ಮಮ್ಮನ ಜಗಲಿಯಲ್ಲಿ. ಜಾತಕ, ಛತ್ರ, ಊಟದ ಮಾತೆಲ್ಲ ಆಮೇಲೆ. ಮೊದಲು ವರಸೆ ಗೊತ್ತಾಗಬೇಕು. ಹುಡುಗಿ ಹುಡುಗನಿಗೆ ಏನಾಗಬೇಕು? ಸೋದರತ್ತೆಯ ಮಗಳೋ ಸೋದರಮಾವನ ಮಗಳೋ ಆದರೆ ಸರಿ, ಎಲೆ ಅಡಿಕೆ ಹಿಡಿಯಬಹುದು. ಚಿಕ್ಕಪ್ಪನ ಮಗಳ ವರಸೆಗೆ ಬಂದರೆ ಅವಳು ತಂಗಿಯಾದಳು. ಮಾತು ಅಲ್ಲಿಗೇ ನಿಂತಿತು. ಎರಡು ಮೂರು ತಲೆಮಾರು ಹಿಂದಕ್ಕೆ ಹೋಗಿ ಈ ಎಳೆಗಳನ್ನು ಬಿಡಿಸುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಚಿಕ್ಕಲಕ್ಷ್ಮಮ್ಮ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಲೇ ಬಿಡಿಸುತ್ತಿದ್ದಳು.

"ಹುಡ್ಗಿ ಅಜ್ಜಿ ಯಾವೂರೋಳು?"

"ಕೋಡಂಬಳ್ಳಿ ಕಡೆಯೋಳು ಕಣವ್ವ."

"ಮೇಗಲಮನೆಯೋಳಾ, ಬಾವಿಮನೆಯೋಳಾ?"

"ಬಾವಿಮನೆ."

"ಹಂಗಾರೆ ಆಗಾಕಿಲ್ಲ ಕಣ್ರಪ್ಪ. ನಿಮ್ಮ ಹುಡ್ಗಂಗೆ ಆ ಮಗ ತಂಗಿ ಆಯ್ತದೆ. ಬೇಜಾರ್ ಮಾಡ್ಕಬ್ಯಾಡಿ, ಮಜ್ಜಿಗೆ ಕುಡ್ಕಂಡು ಹೋಗಿ."

ಅವಳು ಆಗದು ಎಂದರೆ ಆಗದು. ಸಾತನೂರಿನ ಸುತ್ತಲ ಹತ್ತಾರು ದೊಡ್ಡಿಗಳಲ್ಲಿ ಆ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಅದೆಲ್ಲ ಮನೆಯ ತುಂಬ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ನಿಂತಿರುತ್ತಿದ್ದ ಕಾಲ. ಹುಳು ಹಣ್ಣಾಗಿ ಗೂಡು ಕಟ್ಟಲು ಅಣಿಯಾದ ದಿನ ಪಕ್ಕದ ಮನೆಯವರು ಕೇಳದೆಯೇ ಬಂದು ಅವುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು, ಅವರ ಮನೆಯ ಹುಳು ಹಣ್ಣಾದಾಗ ಇವರು ಹೋಗುತ್ತಿದ್ದರು. ಗಂಡ ಚಲುವಯ್ಯ ಗೂಡಿನ ಮೂಟೆ ಹೊತ್ತು ಮೊದಲ ಬಸ್ಸಿಗೆ ರಾಮನಗರದ ಮಾರುಕಟ್ಟೆಗೆ ಹೊರಟರೆ, ಸಂಜೆ ತಿರುಗಿ ಬರುವಾಗ ಹರಾಜಿನ ಸುದ್ದಿಯ ಜೊತೆಗೆ ಯಾವ ಊರಿನ ಯಾರ ಮನೆಯಲ್ಲಿ ಏನು ನಡೆಯಿತೆಂಬ ಸುದ್ದಿಯನ್ನೂ ತರುತ್ತಿದ್ದ. ಚಿಕ್ಕಲಕ್ಷ್ಮಮ್ಮ ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು.

ಈಗ ಅವಳಿಗೆ ಎಪ್ಪತ್ತೆರಡು. ಮಗ ಲೋಕೇಶ್ ಹುಳು ಸಾಕುವುದಕ್ಕೆ ಬೇರೆ ಮನೆಯನ್ನೇ ಕಟ್ಟಿಸಿದ್ದಾನೆ. ಬಿದಿರಿನ ಚಂದ್ರಿಕೆಯ ಬದಲು ಪ್ಲಾಸ್ಟಿಕ್ಕಿನದು ಬಂದಿದೆ. ಜಗಲಿಗೆ ವರಸೆ ಕೇಳಲು ಬರುವವರು ಕಡಿಮೆಯಾದರು. ಹುಡುಗ ಹುಡುಗಿಯರು ಕಾಲೇಜಿನಲ್ಲೇ ಒಬ್ಬರನ್ನೊಬ್ಬರು ನೋಡಿಕೊಂಡು ಬಂದು ಮನೆಯವರಿಗೆ ಹೇಳುವ ಕಾಲ ಇದು. ಅದಕ್ಕೆ ಅವಳೇನೂ ಕೊರಗಲಿಲ್ಲ. "ಒಳ್ಳೇದೇ ಆಯ್ತು ಬುಡು, ನನ್ ಬಾಯಿಗೂ ಒಸಿ ರಜ" ಎನ್ನುತ್ತಿದ್ದಳು.

ಕೊರಗಿದವನು ಅವಳ ಅಣ್ಣ ಹನುಮಂತಯ್ಯ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ದುಡಿದು ನಿವೃತ್ತನಾಗಿ ಅಲ್ಲೇ ಮನೆ ಮಾಡಿಕೊಂಡಿದ್ದ ಅವನಿಗೆ ಒಂದೇ ಚಿಂತೆ. ತನ್ನ ಮನೆತನ, ತಂಗಿ ಸೇರಿದ ಹುಣಸೆದೊಡ್ಡಿಯ ಮನೆತನ, ಎರಡೂ ಹೆಣ್ಣು ಕೊಟ್ಟು ತಂದು ಹೆಣೆದುಕೊಂಡಿವೆ. ಅದನ್ನು ಬಲ್ಲವರು ತಾನು ಮತ್ತು ತಂಗಿ ಇಬ್ಬರೇ. ಇಬ್ಬರೂ ಹೋದ ಮೇಲೆ ಹುಡುಗರಿಗೆ ಯಾರು ಏನೆಂದು ಹೇಳುವವರಾರು? ಕಂಪ್ಯೂಟರಿನಲ್ಲಿ ವಂಶವೃಕ್ಷ ಹಾಕಿಸಬೇಕು, ಎಲ್ಲ ನೆಂಟರೂ ಇದ್ದಲ್ಲಿಂದಲೇ ಅದನ್ನು ನೋಡಬೇಕು, ತಮಗೆ ಗೊತ್ತಿದ್ದನ್ನು ಸೇರಿಸಬೇಕು ಎಂದು ಅವನೇ ಹೊರಡಿಸಿದ.

ಕೆಲಸ ಶುರುಮಾಡಿದವನು ಮುನಿಕೃಷ್ಣ. ಚಲುವಯ್ಯನ ತಮ್ಮನ ಮಗ. ಚನ್ನಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದಾನೆ. ಮೊಬೈಲಿಗೆ ಪುಕ್ಕಟೆ ಸಿಗುವ ಒಂದು ತಂತ್ರಾಂಶವನ್ನು ಇಳಿಸಿಕೊಂಡು, ಎಲ್ಲ ನೆಂಟರಿಗೂ ಅದರ ಕೊಂಡಿ ಕಳಿಸಿದ. ತಿಂಗಳೊಳಗೆ ಮರ ದಟ್ಟವಾಗಿ ಬೆಳೆದುಬಿಟ್ಟಿತು. ಅತಿಯಾಗಿಯೇ ಬೆಳೆಯಿತು. ಒಬ್ಬನೇ ಚಲುವಯ್ಯ ಮೂರು ಕಡೆ ಕಾಣಿಸಿಕೊಂಡ, ಏಕೆಂದರೆ ಮೂವರು ನೆಂಟರು ಅವನ ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆದಿದ್ದರು. ಹುಟ್ಟಿದ ತಾರೀಕು ಗೊತ್ತಿಲ್ಲದ ಮುದುಕ ಮುದುಕಿಯರೆಲ್ಲ ಜನವರಿ ಒಂದರಂದೇ ಹುಟ್ಟಿದರು. ಊರಿನ ಜಿಲ್ಲೆ ಯಾವುದೆಂಬುದಕ್ಕೆ ಒಬ್ಬರು ಬೆಂಗಳೂರು ಎಂದರು, ಒಬ್ಬರು ಬೆಂಗಳೂರು ಗ್ರಾಮಾಂತರ ಎಂದರು, ಒಬ್ಬರು ರಾಮನಗರ ಎಂದರು.

"ಎಲ್ಲಾನೂ ಸರೀನೇ ಕಣೋ, ಸರ್ಕಾರದೋರು ಜಿಲ್ಲೆ ಒಡೀತಾ ಬಂದ್ರು. ನಾನು ಹುಟ್ಟಿದ್ದು ಒಂದ್ ಜಿಲ್ಲೇಲಿ, ನೌಕ್ರಿ ಮಾಡಿದ್ದು ಒಂದ್ ಜಿಲ್ಲೇಲಿ, ಪಿಂಚಣಿ ತಗತಾ ಇರೋದು ಇನ್ನೊಂದರಲ್ಲಿ. ಕುಂತ ಜಾಗ ಮಾತ್ರ ಬುಟ್ಟಿಲ್ಲ!" ಎಂದ ಹನುಮಂತಯ್ಯ.

ಇದಕ್ಕೆಲ್ಲ ಒಂದು ಕಟ್ಟುಪಾಡು ಬೇಕೆಂದು ಹೇಳಿದವಳು ಹನುಮಂತಯ್ಯನ ಮೊಮ್ಮಗಳು ರಮ್ಯಾ. ಕನಕಪುರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ಪುಸ್ತಕಗಳನ್ನು ವಿಂಗಡಿಸಿ, ಹೆಸರು ಹಾಕಿ, ಹುಡುಕಿದಾಗ ಸಿಗುವಂತೆ ಜೋಡಿಸುವುದೇ ಅವಳ ದಿನದ ಕೆಲಸ. ಹಾಗಾಗಿ ಮರಕ್ಕೆ ಎಲೆ ಅಂಟಿಸುವ ಮುಂಚೆ ನಿಯಮ ಬರೆದುಕೊಳ್ಳೋಣ ಎಂದಳು. ಹೆಸರು ಕನ್ನಡದಲ್ಲೇ ಇರಲಿ. ತಾರೀಕು ಗೊತ್ತಿಲ್ಲದಿದ್ದರೆ 'ಸುಮಾರು' ಎಂದು ಬರೆಯೋಣ, ಸುಳ್ಳು ತಾರೀಕು ಬೇಡ. ಬದುಕಿರುವವರ ವಿವರ ಹೊರಗಿನವರಿಗೆ ಕಾಣದಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಾವು ತುಂಬಿದ್ದನ್ನೆಲ್ಲ ಜೆಡ್‌ಕಾಂ ಎಂಬ ಸಾಮಾನ್ಯ ನಮೂನೆಯಲ್ಲಿ ಹೊರಗೆ ತೆಗೆದುಕೊಳ್ಳುವಂತಿರಬೇಕು. ಅದನ್ನು ಯಾವ ವಂಶವೃಕ್ಷದ ತಂತ್ರಾಂಶವಾದರೂ ಓದುತ್ತದೆ. ಅಂಥ ಬೇರೊಂದು ತಂತ್ರಾಂಶವನ್ನು ಅವಳೇ ಹುಡುಕಿ ಇಟ್ಟಿದ್ದಳು.

"ನಾಳೆ ಇವನ ಆಪ್ ನಡೆಸೋರು ಬಾಗ್ಲು ಹಾಕ್ಕೊಂಡು ಹೋದ್ರೆ ನಮ್ಮ ತಾತ ಮುತ್ತಾತ ಎಲ್ಲ ಅವರ ಜೊತೇಲೇ ಹೋಗ್ಬಿಡ್ತಾರೆ" ಎಂಬುದು ಅವಳ ವಾದ.

"ನಿನ್ನ ಸಾಫ್ಟ್‌ವೇರ್ ನೋಡಿದ್ದೀನಿ ಬಾ. ಬ್ಯಾಂಕ್ ಚಲನ್ ಇದ್ದಂಗೈತೆ. ನಂದ್ರಲ್ಲಿ ಫೋಟೋ ಹೆಂಗ್ ಕಾಣ್ತದೆ ನೋಡು!" ಎಂಬುದು ಮುನಿಕೃಷ್ಣನ ವಾದ.

ಎರಡರಲ್ಲಿ ಒಂದನ್ನು ಆರಿಸುವುದಕ್ಕಾಗಿ ಒಂದು ಭಾನುವಾರ ಹನುಮಂತಯ್ಯನ ಮನೆಯಲ್ಲಿ ಎಲ್ಲರೂ ಸೇರಿದರು. ಚಿಕ್ಕಲಕ್ಷ್ಮಮ್ಮನೂ ಚಲುವಯ್ಯನೂ ದೊಡ್ಡಿಯಿಂದ ಬಂದಿದ್ದರು. ಊಟ ಮುಗಿದ ಮೇಲೆ ಮುನಿಕೃಷ್ಣ ತನ್ನ ಮೊಬೈಲನ್ನು ದೊಡ್ಡ ಟಿವಿಗೆ ಜೋಡಿಸಿ ಮರವನ್ನು ತೋರಿಸಿದ. ಯಾವ ಹೆಸರನ್ನು ಮುಟ್ಟಿದರೂ ಫೋಟೋ ಅರಳುತ್ತಿತ್ತು. ಹಳೆಯ ಮದುವೆಗಳ ಕಪ್ಪು ಬಿಳುಪಿನ ಚಿತ್ರಗಳಿಂದ ಅವನು ಒಂದೊಂದು ಮುಖವನ್ನೂ ಕತ್ತರಿಸಿ, ತೊಳೆದು, ಹೊಳಪು ಮಾಡಿ ಕೂರಿಸಿದ್ದ. ಹೆಂಗಸರೆಲ್ಲ "ಅಯ್ಯೋ ನೋಡ್ರವ್ವ, ನಮ್ಮತ್ತೆ!" ಎಂದು ಮುಂದೆ ಸರಿದು ಕುಳಿತರು.

ಆಗ ಯಲ್ಲಮ್ಮನ ಮುಖ ಬಂತು. ಅಗಲ ಹಣೆ, ದೊಡ್ಡ ಕುಂಕುಮ, ನಗಬೇಕೋ ಬೇಡವೋ ಎಂದು ಕೇಳುವಂತಿದ್ದ ತುಟಿ. ಹನುಮಂತಯ್ಯನ ತಂದೆಯ ತಂಗಿ. ಹುಣಸೆದೊಡ್ಡಿಯ ಮುನಿಯಪ್ಪನ ಹೆಂಡತಿ. ಇಬ್ಬರೂ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಚಿಕ್ಕಲಕ್ಷ್ಮಮ್ಮ ಕನ್ನಡಕವನ್ನು ಸರಿಮಾಡಿಕೊಂಡು, ಚಿತ್ರದ ಕೆಳಗಿದ್ದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು.

ಮಕ್ಕಳು: ಇಲ್ಲ.

ಆ ಮಾತನ್ನು ಅವಳು ಹಿಂದೆಯೂ ಕೇಳಿದ್ದಳು, ಬೇರೆ ಬಾಯಿಗಳಲ್ಲಿ, ಬೇರೆ ಕಾಲದಲ್ಲಿ. ಬಾವಿಕಟ್ಟೆಯಲ್ಲಿ, ಅರಿಶಿನ ಕುಂಕುಮದ ಹೊತ್ತಿನಲ್ಲಿ, ಬೇರೆಯವರ ಸೀಮಂತದಲ್ಲಿ.

"ಮುನಿಕೃಷ್ಣ, ಅಲ್ಲಿ ನನ್ನ ಹೆಸ್ರು ಹಾಕಪ್ಪ" ಎಂದಳು.

"ನಿನ್ನ ಹೆಸ್ರು ಐತಲ್ಲ ದೊಡ್ಡವ್ವ, ಹನುಮಂತಮಾವನ ಪಕ್ಕದಲ್ಲೇ ಐತೆ. ನಿಂಗಮ್ಮಜ್ಜಿ ಮಗಳು ಅಂತ."

"ಅಲ್ಲಿರ್ಲಿ. ಇಲ್ಲೂ ಹಾಕು. ನನ್ನ ಸಾಕಿದೋಳು ಅವ್ಳು."

ಅದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿಯೇ. ಮುನಿಕೃಷ್ಣ ಒಪ್ಪಿದ. ಆದರೆ ಅವನ ತಂತ್ರಾಂಶದಲ್ಲಿ ತಾಯಿಯ ಹೆಸರಿಗೆ ಇದ್ದದ್ದು ಒಂದೇ ಜಾಗ. ಅಲ್ಲಿ ಯಲ್ಲಮ್ಮ ಎಂದು ಹಾಕಿದ ಕೂಡಲೇ ಹೆತ್ತ ತಾಯಿ ನಿಂಗಮ್ಮನ ಹೆಸರು ಅಳಿಸಿಹೋಯಿತು. ಚಿಕ್ಕಲಕ್ಷ್ಮಮ್ಮ ಅಣ್ಣನ ಪಕ್ಕದಿಂದ ಜಾರಿ, ಮುನಿಯಪ್ಪ ಯಲ್ಲಮ್ಮರ ಕೆಳಗೆ ಹೋಗಿ ಕುಳಿತಳು. ಆ ತಂತ್ರಾಂಶಕ್ಕೆ ಇನ್ನೊಂದು ಜಾಣತನವಿತ್ತು. ಯಾರು ಯಾರಿಗೆ ಏನಾಗಬೇಕೆಂದು ತಾನೇ ಲೆಕ್ಕ ಹಾಕಿ ಕನ್ನಡದಲ್ಲಿ ಹೇಳುತ್ತಿತ್ತು. ಚಿಕ್ಕಲಕ್ಷ್ಮಮ್ಮನ ಹೆಸರಿನ ಪಕ್ಕದಲ್ಲಿ ಚಲುವಯ್ಯ ಎಂದಿತ್ತು. ಅದರ ಕೆಳಗೆ ಹೀಗೆ ಬಂತು: ಗಂಡ, ಚಿಕ್ಕಪ್ಪನ ಮಗ.

ಹಿಂದಿನ ಸಾಲಿನಿಂದ ನಗೆ ಚಿಮ್ಮಿತು. ಚಲುವಯ್ಯನ ತಂದೆ ಮುನಿಯಪ್ಪನ ಒಡಹುಟ್ಟಿದ ತಮ್ಮ. ಮುನಿಯಪ್ಪನ ಮಗಳಿಗೆ ಆ ತಮ್ಮನ ಮಗ ಅಣ್ಣನೇ ಆಗಬೇಕಲ್ಲ!

"ಲೇ ಮುನಿಕೃಷ್ಣ, ಐವತ್ತು ವರ್ಸ ಸಂಸಾರ ಮಾಡಿ ಈಗ ನನ್ನ ಅಣ್ಣ ಮಾಡ್ಬುಟ್ಯಲ್ಲೋ!" ಎಂದ ಚಲುವಯ್ಯ. "ಏನಮ್ಮಿ, ರಾಖಿ ಗೀಖಿ ಕಟ್ಟೀಯಾ?"

ಎಲ್ಲರೂ ನಕ್ಕರು. ಚಿಕ್ಕಲಕ್ಷ್ಮಮ್ಮನೂ ನಗಲು ನೋಡಿದಳು. ನಗದೆ ಇದ್ದವನು ಹನುಮಂತಯ್ಯ ಒಬ್ಬನೇ.

"ತೆಗಿ ಅದನ್ನ" ಎಂದ. "ಹೆತ್ತೋಳ ಹೆಸರು ಅಳಿಸೋ ಮರ ನಮಗ್ ಬ್ಯಾಡ."

ಮುನಿಕೃಷ್ಣ ಗಾಬರಿಯಿಂದ ಹಿಂದಿನಂತೆಯೇ ಮಾಡಿದ. ನಿಂಗಮ್ಮ ತಿರುಗಿ ಬಂದಳು. ಯಲ್ಲಮ್ಮನ ಕೆಳಗೆ ಮತ್ತೆ ಮೂಡಿತು: ಮಕ್ಕಳು: ಇಲ್ಲ.

ಅಂದು ಯಾವುದೂ ತೀರ್ಮಾನವಾಗಲಿಲ್ಲ. ಕನಕಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಚಿಕ್ಕಲಕ್ಷ್ಮಮ್ಮ ದಾರಿಯುದ್ದಕ್ಕೂ ಹೊರಗೇ ನೋಡುತ್ತಿದ್ದಳು. ಚಲುವಯ್ಯ ಒಂದೆರಡು ಸಲ ಕೆಣಕಿ ನೋಡಿ, ಇದು ತಮಾಷೆಯಲ್ಲವೆಂದು ತಿಳಿದು ಸುಮ್ಮನಾದ.

ಅವಳನ್ನು ಯಲ್ಲಮ್ಮನ ಮಡಿಲಿಗೆ ಹಾಕಿದಾಗ ಅವಳಿಗಿನ್ನೂ ವರ್ಷ ತುಂಬಿರಲಿಲ್ಲ. ನಿಂಗಮ್ಮ ಮತ್ತೆ ಬಸುರಾಗಿ ಸೊರಗಿದ್ದಳು. ಮದುವೆಯಾಗಿ ಹತ್ತು ವರ್ಷ ಕಳೆದರೂ ಯಲ್ಲಮ್ಮನಿಗೆ ಮಕ್ಕಳಿರಲಿಲ್ಲ. ಹಬ್ಬಕ್ಕೆಂದು ತವರಿಗೆ ಬಂದವಳು ಅಣ್ಣನ ಮಗಳನ್ನು ಎತ್ತಿಕೊಂಡು ದೊಡ್ಡಿಗೆ ಹೋದಳು. ಚಿಕ್ಕಲಕ್ಷ್ಮಿಯ ಮೊದಲ ನೆನಪುಗಳೆಲ್ಲ ಯಲ್ಲಮ್ಮನ ಸೊಂಟದ ಮೇಲಿನವು. ಹಿಪ್ಪುನೇರಳೆ ತೋಟದಲ್ಲಿ ಕೈಗೆ ಬಾಯಿಗೆ ಬಣ್ಣ ಹತ್ತುವಂತೆ ಹಣ್ಣು ತಿಂದದ್ದು. ಬಿಸಿ ಮುದ್ದೆಯನ್ನು ಚಿಕ್ಕದಾಗಿ ಮುರಿದು, ಅವರೆಕಾಳಿನ ಸಾರಿನಲ್ಲಿ ಅದ್ದಿ, ಊದಿ ಊದಿ ಬಾಯಿಗಿಡುತ್ತಿದ್ದ ಕೈ. ಕನಕಪುರದ ಸಂತೆಯಲ್ಲಿ ಕಳೆದುಹೋಗಬಾರದೆಂದು ಸೆರಗಿನ ತುದಿಯನ್ನು ಅವಳ ಮುಂಗೈಗೆ ಗಂಟು ಹಾಕಿ ನಡೆಸಿಕೊಂಡು ಹೋಗುತ್ತಿದ್ದದ್ದು. ಹುಳುವಿನ ಮನೆಯಲ್ಲಿ ಇಬ್ಬರೂ ಸುಮ್ಮನೆ ಕೂತು, ಸಾವಿರಾರು ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿದ್ದದ್ದು. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದಂತೆ ಇರುತ್ತಿತ್ತು ಅದು. ಬಾವಿಕಟ್ಟೆಯಲ್ಲಿ ಯಾರಾದರೂ ಚುಚ್ಚಿದರೆ ಯಲ್ಲಮ್ಮ ಉತ್ತರ ಕೊಡುತ್ತಿರಲಿಲ್ಲ, ಮಗುವನ್ನು ಮುಂದಕ್ಕೆ ನಿಲ್ಲಿಸುತ್ತಿದ್ದಳು. "ನಾನು ಅವ್ವನ ಮಗ್ಳು" ಎಂದು ಮಗು ಗಟ್ಟಿಯಾಗಿ ಹೇಳುತ್ತಿತ್ತು. ವರ್ಷಕ್ಕೊಮ್ಮೆ ಹೆತ್ತ ಮನೆಗೆ ಹೋದಾಗ ನಿಂಗಮ್ಮನನ್ನು ಅವಳು ಅತ್ತೆ ಎಂದು ಕರೆಯುತ್ತಿದ್ದಳು. ಅವ್ವನ ಅಣ್ಣನ ಹೆಂಡತಿ ಅತ್ತೆಯೇ ತಾನೆ.

ಹದಿನೆಂಟಕ್ಕೆ ಕುಣಿಗಲ್ಲಿನ ಆಚೆಯಿಂದ ಒಂದು ಸಂಬಂಧ ಬಂತು. ಆಗಿನ ಕಾಲಕ್ಕೆ ಅದು ದೂರದ ಊರು. ಯಲ್ಲಮ್ಮ ಎರಡು ದಿನ ಊಟ ಬಿಟ್ಟಳು. ಅದೇ ಹೊತ್ತಿಗೆ ಮಾಗಡಿಯ ಕಡೆ ತಾಯಿಯ ತವರಿನಲ್ಲಿ ಬೆಳೆದಿದ್ದ ಚಲುವಯ್ಯ ದೊಡ್ಡಿಗೆ ಬಂದು ನೆಲೆಸಿದ್ದ. ಅವನಿಗೆ ಕೊಟ್ಟರೆ ಹುಡುಗಿ ಇದೇ ಮನೆಯಲ್ಲಿ ಉಳಿಯುತ್ತಾಳೆ. ಆದರೆ ವರಸೆ? ಯಲ್ಲಮ್ಮನ ಮಗಳೆಂದರೆ ಅವನಿಗೆ ತಂಗಿ. ನಿಂಗಮ್ಮನ ಮಗಳೆಂದರೆ ದೊಡ್ಡವ್ವನ ಅಣ್ಣನ ಮಗಳು, ಅಂದರೆ ಸೋದರಮಾವನ ಮಗಳ ವರಸೆ. ಊರ ಹಿರಿಯರು ಕೂತು ಹೇಳಿದ್ದು ಇಷ್ಟೇ: "ಎರಡೂ ಆಗಾಕಿಲ್ಲ ಯಲ್ಲವ್ವ. ಮಗ್ಳಾಗಿರ್ಲಿ ಅಂದ್ರೆ ಕುಣಿಗಲ್ಲಿಗೆ ಕಳ್ಸು. ಮನೇಲಿರ್ಲಿ ಅಂದ್ರೆ ನೀನು ಅವ್ವ ಅನ್ನಿಸ್ಕಬ್ಯಾಡ."

ಯಲ್ಲಮ್ಮ ಎರಡನೆಯದನ್ನು ಆರಿಸಿಕೊಂಡಳು.

ಹುಡುಗಿಯನ್ನು ಹೆತ್ತ ಮನೆಗೆ ಕಳಿಸಿ, ಅಲ್ಲಿಂದಲೇ ಧಾರೆ ಎರೆಸಿಕೊಂಡರು. ಸೊಸೆಯಾಗಿ ಬಂದವಳಿಗೆ ಹೊಸಿಲಲ್ಲಿ ಆರತಿ ಎತ್ತಿದವಳು ಯಲ್ಲಮ್ಮನೇ. "ಬಲಗಾಲಿಟ್ಟು ಬಾರವ್ವ" ಎಂದಳು, ಹೊಸಬಳನ್ನು ಕರೆಯುವ ಹಾಗೆ. ಒಂದು ವಾರ ಕಳೆದ ಮೇಲೆ, ತೋಟದಲ್ಲಿ ಬೇರೆ ಯಾರೂ ಇಲ್ಲದಾಗ ಚಿಕ್ಕಲಕ್ಷ್ಮಿ ಅವ್ವ ಎಂದು ಕರೆದಳು. ಯಲ್ಲಮ್ಮ ಸೊಪ್ಪು ಹಿಡಿದಿದ್ದ ಕೈಯಿಂದಲೇ ಅವಳ ಬಾಯಿ ಮುಚ್ಚಿದಳು. "ಅತ್ತೆ ಅನ್ನು. ನಾಳೆ ನಿನ್ನ ಮಕ್ಳಿಗೆ ಹೆಣ್ಣು ಗಂಡು ತರ್ವಾಗ ಯಾರೂ ಒಂದ್ ಮಾತು ಎತ್ಬಾರ್ದು."

ಆಮೇಲೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಒಂದೇ ಒಲೆಯಲ್ಲಿ ಅಡಿಗೆ ಮಾಡಿದರು, ಒಂದೇ ಮೊರದಲ್ಲಿ ರಾಗಿ ಹಸನು ಮಾಡಿದರು. ಅವ್ವ ಎಂಬ ಮಾತು ಇಬ್ಬರ ನಡುವೆ ಮತ್ತೆ ಬರಲಿಲ್ಲ. ಯಲ್ಲಮ್ಮ ತೀರಿಕೊಂಡ ದಿನ ಹಿರಿಯರು ಮಕ್ಕಳು ಯಾರೆಂದು ಕೇಳಿದಾಗ, ಮೈದುನನ ಮಗನಾಗಿ ಚಲುವಯ್ಯ ಮುಂದೆ ಹೋದ. ಚಿಕ್ಕಲಕ್ಷ್ಮಮ್ಮ ಸೊಸೆಯರ ಸಾಲಿನಲ್ಲಿ ನಿಂತಳು. ಎಲ್ಲರ ಮನೆಯ ವರಸೆಯನ್ನೂ ಅಷ್ಟು ಕರಾರುವಾಕ್ಕಾಗಿ ಹೇಳುತ್ತಿದ್ದವಳು, ತನ್ನ ವರಸೆಯ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಈಗ ಬಿಡಬಹುದೆಂದು ಅವಳಿಗೆ ಅನ್ನಿಸಿತು. ಮಕ್ಕಳ ಮದುವೆಯೆಲ್ಲ ಆಗಿದೆ. ಮಾತು ಎತ್ತುವವರೆಲ್ಲ ಹೋಗಿದ್ದಾರೆ. ಆ ಮರವನ್ನು ಇನ್ನು ನೂರು ವರ್ಷ ನೆಂಟರು ನೋಡುತ್ತಾರಂತೆ. ಯಲ್ಲಮ್ಮ ಯಾರೆಂದು ತಿಳಿಯದ ಮಕ್ಕಳು ಅವಳ ಹೆಸರನ್ನು ಮುಟ್ಟಿ, 'ಇಲ್ಲ' ಎಂದು ಓದಿ, ಮುಂದೆ ಹೋಗುತ್ತಾರೆ.

ಬುಧವಾರ ಅವಳು ಒಬ್ಬಳೇ ಸಾತನೂರಿನಿಂದ ಬಸ್ಸು ಹತ್ತಿ ಕನಕಪುರಕ್ಕೆ ಹೋಗಿ, ರಮ್ಯಾಳ ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಳು.

"ಅಯ್ಯೋ ಅಜ್ಜಿ, ಚಪ್ಲಿ ಹಾಕ್ಕೊಂಡೇ ಬನ್ನಿ. ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ."

"ಫೋನಲ್ಲಿ ಆಡೋ ಮಾತಲ್ಲ ಕಣವ್ವ. ನಿನ್ನ ಬ್ಯಾಂಕ್ ಚಲನ್ನು ತೋರ್ಸು."

ರಮ್ಯಾ ನಕ್ಕು ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿದಳು. ಚಿಕ್ಕಲಕ್ಷ್ಮಮ್ಮ ಹೇಳಿದ್ದೆಲ್ಲವನ್ನೂ, ಕುಣಿಗಲ್ಲಿನ ಸಂಬಂಧದಿಂದ ಹಿಡಿದು ತೋಟದಲ್ಲಿ ಬಾಯಿ ಮುಚ್ಚಿದ ಕೈಯವರೆಗೆ, ಕೇಳಿಸಿಕೊಂಡಳು. ಆಮೇಲೆ ತನ್ನ ತಂತ್ರಾಂಶವನ್ನು ತೆರೆದು ತೋರಿಸಿದಳು. ಇದರಲ್ಲಿ ಒಂದು ಮಗು ಎರಡು ಮನೆಗೆ ಸೇರಿರಬಹುದು. ಪ್ರತಿ ಗೆರೆಗೂ ಅದು ಯಾವ ಬಗೆಯದೆಂದು ಹೇಳಬೇಕು: ಹೆತ್ತದ್ದೋ, ದತ್ತಕ್ಕೆ ತೆಗೆದುಕೊಂಡದ್ದೋ, ಸಾಕಿದ್ದೋ. ಹೆತ್ತ ಗೆರೆ ಉದ್ದಕ್ಕೂ ಎಳೆದದ್ದು, ಸಾಕಿದ ಗೆರೆ ಚುಕ್ಕಿ ಚುಕ್ಕಿ. ಆ ಸಾಮಾನ್ಯ ನಮೂನೆಯಲ್ಲೇ ಇದಕ್ಕೆ ಜಾಗವಿದೆ. ಮುನಿಕೃಷ್ಣನ ತಂತ್ರಾಂಶ ಮಾಡಿದವರು ಅದನ್ನು ಬಿಟ್ಟಿದ್ದಾರೆ, ಅಷ್ಟೆ.

"ನಿಂಗಮ್ಮಜ್ಜಿ ಎಲ್ಲಿಗೂ ಹೋಗಲ್ಲ. ದೊಡ್ಡಿ ತಾತನೂ ನಿಮಗೆ ಅಣ್ಣ ಆಗಲ್ಲ. ವರಸೆ ನೋಡೋರು ಹೆತ್ತ ಗೆರೆ ಹಿಡ್ಕೊಂಡು ನೋಡಲಿ."

ಚಿಕ್ಕಲಕ್ಷ್ಮಮ್ಮ ಆ ಚುಕ್ಕಿಗಳನ್ನು ಬಹಳ ಹೊತ್ತು ನೋಡಿದಳು. "ನಮ್ಮೂರ ಹಿರೀಕ್ರು ಎರಡೂ ಆಗಾಕಿಲ್ಲ ಅಂದ್ರಲ್ಲವ್ವ" ಎಂದಳು. "ಇದ್ಕೆ ಆಯ್ತದಾ?"

"ಇದಕ್ಕೆ ಆಗುತ್ತೆ ಅಜ್ಜಿ. ಆದ್ರೆ ಒಂದು ತೊಡಕಿದೆ. ಯಾವ ಗೆರೆ ಎಳೆದ್ರೂ ಯಾರು ಹೇಳಿದ್ದು ಅಂತ ಬರೀಬೇಕು. ಅದು ನಾವೇ ಮಾಡ್ಕೊಂಡ ನಿಯಮ. ಕಂಡವರು ಇದ್ರೆ ಕಂಡವರ ಹೆಸರೇ ಹಾಕ್ಬೇಕು. ನಿಮ್ಮನ್ನ ಮಡಿಲಿಗೆ ಹಾಕಿದ್ದನ್ನ ಕಂಡವರು ಈಗ ಯಾರಿದ್ದಾರೆ?"

ಇದ್ದವನು ಒಬ್ಬನೇ. ಆಗ ಆರು ವರ್ಷದ ಹುಡುಗನಾಗಿದ್ದ ಹನುಮಂತಯ್ಯ.

ಮುಂದಿನ ಭಾನುವಾರ ಇಬ್ಬರೂ ರಾಮನಗರಕ್ಕೆ ಹೋದರು. ಜೊತೆಗೆ ಚಲುವಯ್ಯನೂ ಹೊರಟ. ಹನುಮಂತಯ್ಯ ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕೂತಿದ್ದ. ಮುನಿಕೃಷ್ಣನೂ ಬಂದಿದ್ದ, ತನ್ನ ಮರವನ್ನು ಉಳಿಸಿಕೊಳ್ಳಲು. ರಮ್ಯಾ ಲ್ಯಾಪ್‌ಟಾಪ್ ತೆರೆದು, ಕನಕಪುರದಲ್ಲಿ ಹೇಳಿದ್ದನ್ನೇ ತಾತನಿಗೂ ವಿವರಿಸಿದಳು. ಅವನು ಕೇಳಿದಂತೆಯೂ ಕೇಳದಂತೆಯೂ ಇದ್ದ.

"ಅಣ್ಣ, ನೀನು ಹೂಂ ಅಂದ್ರೆ ಆಯ್ತದಂತೆ" ಎಂದಳು ಚಿಕ್ಕಲಕ್ಷ್ಮಮ್ಮ.

"ಏನು ಹೂಂ ಅನ್ಲಿ?" ಹನುಮಂತಯ್ಯ ಪತ್ರಿಕೆಯನ್ನು ಮಡಿಸಿದ. "ಯಲ್ಲತ್ತೆ ಸಾಕಿದ್ಳು, ಇಲ್ಲ ಅಂದೋರ್ ಯಾರು? ಆದ್ರೆ ನಮ್ಮವ್ವ? ಚಿಕ್ಕೋಳಿದ್ದಾಗ ನೀನು ಒಂದ್ ದಿನಾನೂ ಅವ್ವ ಅನ್ಲಿಲ್ಲ ಅವ್ಳನ್ನ. ಹಬ್ಬಕ್ಕೆ ಬಂದು ಅತ್ತೆ ಅತ್ತೆ ಅಂತ ಓಡಾಡ್ತಿದ್ದೆ. ನೀನು ಹೋದ್ಮೇಲೆ ಅವ್ಳು ಕೊಟ್ಟಿಗೇಲಿ ಹೋಗಿ ಕುಂತ್ಕತಿದ್ಳು. ಮದ್ವೆ ಟೈಮಲ್ಲಿ ಮೂರು ತಿಂಗ್ಳು ಮಗಳಾಗಿ ಸಿಕ್ಕಿದ್ದೆ. ಆ ಮೂರು ತಿಂಗಳನ್ನ ಸಾಯೋಗಂಟ ಹೇಳ್ಕಂಡು ತಿರುಗಿದ್ಳು. ಈಗ ಮರದಲ್ಲೂ ಅವ್ಳಿಗೆ ಅರ್ಧ ಪಾಲು ಮಾಡ್ಬೇಕಾ?"

ಚಿಕ್ಕಲಕ್ಷ್ಮಮ್ಮನಿಗೆ ಇದು ಗೊತ್ತಿರಲಿಲ್ಲ. ಕೊಟ್ಟಿಗೆಯ ಸಂಗತಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅಣ್ಣನ ಹತ್ತಿರಕ್ಕೆ ಸರಿದು ಕೂತಳು.

"ನಿಂಗೆ ಒಬ್ಳೇ ಅವ್ವ, ನಂಗೆ ಇಬ್ರೂ ಅವ್ವಂದ್ರೇ. ಒಬ್ಳನ್ನ ಅವ್ವ ಅಂದಾಗ ಇನ್ನೊಬ್ಳು ಅತ್ತೆ ಆದ್ಳು. ಒಂದ್ ಸಲಾನೂ ಇಬ್ರನ್ನೂ ಒಟ್ಟಿಗೆ ಅವ್ವ ಅನ್ನಾಕೆ ಬುಡ್ಲಿಲ್ಲ ಕಣಣ್ಣ ನಿಮ್ಮ ವರಸೆ. ನಾನೇನು ಪಾಲು ಮಾಡು ಅಂತಿಲ್ಲ. ನಮ್ಮವ್ವನ ಕೆಳಗೆ ನೀನಿದ್ದೀಯ, ತಮ್ದೀರವ್ರೆ, ನಾನಿದ್ದೀನಿ. ಯಲ್ಲವ್ವನ ಕೆಳಗೆ ಯಾರವ್ರೆ ಹೇಳು?"

ಹನುಮಂತಯ್ಯನ ಹೆಂಡತಿ ಕಾಫಿ ತಂದಿಟ್ಟಳು. ಅದು ಆರುತ್ತಿತ್ತು. ಮುನಿಕೃಷ್ಣ ಏನೋ ಹೇಳಲು ಹೋದಾಗ ಚಲುವಯ್ಯ ಮೊಣಕೈಯಿಂದ ತಿವಿದು ಸುಮ್ಮನಿರಿಸಿದ.

"ಬರ್ಕೊ ರಮ್ಯಾ" ಎಂದ ಹನುಮಂತಯ್ಯ ಕೊನೆಗೆ. ಆಮೇಲೆ ಯಾರ ಮುಖವನ್ನೂ ನೋಡದೆ, ಎದುರಿನ ಗೋಡೆಗೆ ಹೇಳುವಂತೆ ಹೇಳತೊಡಗಿದ.

"ಸಂಕ್ರಾಂತಿ ಮಾರ್ನೆ ದಿನ. ನಮ್ಮ ನಡುಮನೇಲಿ ಮಣೆ ಹಾಕಿ ಯಲ್ಲತ್ತೇನ ಪೂರ್ವಕ್ಕೆ ಕೂರ್ಸಿದ್ರು. ಮಡ್ಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ. ನಮ್ಮವ್ವ ಮಗೀಗೆ ಎಣ್ಣೆ ನೀರು ಹಾಕಿ ಹೊಸ ಅಂಗಿ ತೊಡಿಸಿದ್ಳು. ತಂದು ಮಡ್ಲಿಗೆ ಹಾಕಿದ್ಳು. ಹಾಕಿದೋಳು ತಿರುಗಿ ಎತ್ಕಂಡ್ಳು. ಮನಸು ಬದ್ಲಾಯ್ತೇನೋ ಅಂತ ಯಲ್ಲತ್ತೆ ಮಡ್ಲು ಹಿಡ್ಕಂಡೇ ಕುಂತಿದ್ಳು. ಮನಸು ಬದ್ಲಾಗಿರ್ಲಿಲ್ಲ. ನಮ್ಮವ್ವ ಆ ಕಡೆ ತಿರುಕ್ಕಂಡು ಮಗೀಗೆ ಇನ್ನೊಂದ್ ಸಲ ಹಾಲು ಕುಡಿಸಿದ್ಳು, ಅಷ್ಟೆ. ಕುಡಿಸಿ, ಬಾಯಿ ಒರೆಸಿ, ಮತ್ತೆ ಹಾಕಿದ್ಳು. 'ಇನ್ಮೇಲೆ ನಿನ್ನ ಮಗ್ಳು ಕಣವ್ವ ಯಲ್ಲಿ' ಅಂದ್ಳು."

ಅವನು ಆರಿದ ಕಾಫಿಯನ್ನು ಒಂದು ಗುಟುಕು ಕುಡಿದ.

"ಅಂದ್ಳು. ನಾನ್ ಕೇಳಿವ್ನಿ. ಅವಳೇ ಬಾಯ್ಬಿಟ್ಟು ಹೇಳಿದ್ ಮಾತು ಅದು. ನಾನು ಈಗ ಅಲ್ಲ ಅನ್ನಾಕೆ ಯಾರು?"

ಚಿಕ್ಕಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಆ ದಿನದ ಮಾತು ಇಷ್ಟು ವರ್ಷಗಳಲ್ಲಿ ಅವಳ ಕಿವಿಗೆ ಬಿದ್ದದ್ದು ಇದೇ ಮೊದಲು. ತನ್ನನ್ನು ಕೊಟ್ಟವಳು, ತೆಗೆದುಕೊಂಡವಳು, ಇಬ್ಬರನ್ನೂ ಒಂದೇ ಮಣೆಯ ಬಳಿ ಅವಳು ಅಲ್ಲಿಯವರೆಗೆ ಕಂಡಿರಲಿಲ್ಲ.

ರಮ್ಯಾ ಗೆರೆ ಎಳೆದಳು. ಸಾಕ್ಷಿಯ ಜಾಗದಲ್ಲಿ ಹೀಗೆ ಬರೆದಳು: ಹನುಮಂತಯ್ಯ, ಅಣ್ಣ, ಕಣ್ಣಾರೆ ಕಂಡದ್ದು. ವರ್ಷ ಯಾವುದೆಂದು ಕೇಳಿದಾಗ ಅವನಿಗೆ ಖಚಿತವಿರಲಿಲ್ಲ. "ಸುಮಾರು ಅಂತ ಹಾಕು" ಎಂದ.

ಯಾವ ತಂತ್ರಾಂಶವೆಂಬುದು ಅಲ್ಲಿಗೆ ತಾನಾಗಿಯೇ ತೀರ್ಮಾನವಾಯಿತು. ಮುನಿಕೃಷ್ಣ ತಲೆ ಕೆರೆದುಕೊಂಡ. ಅವನ ಮರದಿಂದ ಹೆಸರುಗಳು ಸಾಮಾನ್ಯ ನಮೂನೆಯಲ್ಲಿ ಹೊರಗೆ ಬಂದವು, ಫೋಟೋಗಳು ಬರಲಿಲ್ಲ.

"ಎಲ್ಲಾ ಮತ್ತೆ ಒಂದೊಂದಾಗಿ ಹಾಕ್ಬೇಕು. ಆಗ್ಲಿ ಬುಡಿ, ನಾನೇ ಹಾಕ್ತೀನಿ. ರಮ್ಯಾ ಕೈಗೆ ಕೊಟ್ರೆ ಎಲ್ರನ್ನೂ ಆಧಾರ್ ಕಾರ್ಡ್ ಫೋಟೋ ಮಾಡ್ಬುಡ್ತಾಳೆ" ಎಂದ.

ಚುಕ್ಕಿ ಗೆರೆಯ ಸುದ್ದಿ ನೆಂಟರ ವಾಟ್ಸಾಪ್ ಗುಂಪಿಗೆ ಹೋದದ್ದೇ ತಡ, ರಮ್ಯಾಳ ಫೋನು ಬಡಿದುಕೊಳ್ಳತೊಡಗಿತು. ಮಾಗಡಿಯಿಂದ ಪದ್ಮಶ್ರೀ ಎಂಬ ನೆಂಟಳು, ತನ್ನ ತಂದೆಯನ್ನು ಬೆಳೆಸಿದವಳು ಅಜ್ಜಿಯ ಅಕ್ಕ, ಅವಳನ್ನೂ ಸೇರಿಸಿ ಎಂದಳು. ಚನ್ನಪಟ್ಟಣದಿಂದ ಇನ್ನೊಬ್ಬರು, ಬಾಣಂತನದಲ್ಲಿ ತಾಯಿ ತೀರಿಹೋದ ಮಗುವಿಗೆ ಹಾಲು ಕೊಟ್ಟ ಪಕ್ಕದ ಮನೆಯವಳಿಗೆ ಗೆರೆ ಎಳೆಯಬಹುದೇ ಎಂದು ಕೇಳಿದರು. ಅಂಥದ್ದಕ್ಕೆ ನಿಯಮದಲ್ಲಿ ಏನಿದೆಯೆಂದು ರಮ್ಯಾ ಇನ್ನೂ ಹುಡುಕುತ್ತಿದ್ದಾಳೆ.

ಸಂಜೆ ದೊಡ್ಡಿಗೆ ಬಂದಾಗ ಇನ್ನೂ ಬೆಳಕಿತ್ತು. ಲೋಕೇಶ್ ಸೊಪ್ಪಿನ ಹೊರೆ ಇಳಿಸಿ ಹೋಗಿದ್ದ. ಚಲುವಯ್ಯ ಜಗಲಿಯ ಮೇಲೆ ಕೂತು ಮೊಮ್ಮಗಳು ಸಿರಿಯ ಮೊಬೈಲಿನಲ್ಲಿ ಮರವನ್ನು ಹುಡುಕಿದ. ಮುಖಗಳಿಲ್ಲದ, ಬರಿಯ ಅಕ್ಷರಗಳ ಮರ. ಬೆರಳಿಂದ ಅತ್ತಿತ್ತ ಸರಿಸಿ, ಕೊನೆಗೆ ಸಿಕ್ಕಿತು.

"ಓದಿ" ಎಂದಳು ಚಿಕ್ಕಲಕ್ಷ್ಮಮ್ಮ.

"ಯಲ್ಲಮ್ಮ. ಗಂಡ ಮುನಿಯಪ್ಪ. ಮಕ್ಕಳು: ಒಬ್ಬರು." ಅವನು ಕನ್ನಡಕದ ಮೇಲಿಂದ ಅವಳನ್ನು ನೋಡಿದ. ಈ ಸಲ ತಮಾಷೆ ಮಾಡಲಿಲ್ಲ. "ಚಿಕ್ಕಲಕ್ಷ್ಮಮ್ಮ. ಅದರ ಕೆಳಗೆ ಲೋಕೇಶ, ಇಬ್ರು ಹೆಣ್ಮಕ್ಳು. ಅವ್ರ ಕೆಳಗೆ ಸಿರಿ, ಉಳಿದೋವು. ಎಲ್ಲಾ ಐತೆ."

"ಇನ್ನೊಂದ್ ಸಲ. ಮೊದಲ್ನೇ ಸಾಲು ಮಾತ್ರ."

ಅವನು ಓದಿದ. ಅವಳು ಸೊಪ್ಪಿನ ಹೊರೆಯ ಕಟ್ಟನ್ನು ಬಿಚ್ಚುತ್ತ, "ಅವ್ವ" ಎಂದಳು. ಮೆಲ್ಲಗೆ ಅಲ್ಲ, ಬೀದಿಯಲ್ಲಿ ಹೋಗುವವರಿಗೆ ಕೇಳುವಷ್ಟು ಗಟ್ಟಿಯಾಗಿ.